ಮೇಣ ಹಚ್ಚುವ ದಿನ

ನೀರು ಅಲ್ಲಿಗೆ ಬಂದು ನಿಲ್ಲುತ್ತದೆ, ಬೇರೆಲ್ಲೂ ಅಲ್ಲ, ಅಲ್ಲೇ, ಮುಂದಿನ ಗಾಜಿನ ಬುಡದಿಂದ ಜಾರಿಕೊಂಡು ಬಂದ ಹನಿ ಬಾನೆಟ್ಟಿನ ಎಡಗಡೆ ಒಂದು ಗೇಣಗಲದ ಜಾಗದ ಅಂಚಿನಲ್ಲಿ ತಡೆದು, ಏನೋ ಮರೆತುಬಂದವರ ಹಾಗೆ ಅರೆಗಳಿಗೆ ನಿಂತು, ಆಮೇಲೆ ಪಕ್ಕಕ್ಕೆ ಹೊರಳಿ ಇಳಿದುಹೋಗುತ್ತದೆ — ನಿಂತರೆ ನಿಲ್ಲಲಿ, ಯಾಜ್‌ಗೆಲ್ದಿ ಆ ಕಡೆ ನೋಡುವುದಿಲ್ಲ, ನೋಡಬಾರದೆಂದು ಹಾಸಿಗೆಯಿಂದ ಏಳುವಾಗಲೇ ತೀರ್ಮಾನ ಮಾಡಿಕೊಂಡಿದ್ದಾನೆ, ಮೊದಲು ಟಾಪು, ಆಮೇಲೆ ಗಾಜು, ಆಮೇಲೆ ಬಾಗಿಲುಗಳು, ಮೇಲಿಂದ ಕೆಳಕ್ಕೆ ಬರಬೇಕು, ಕೆಳಗೆ ಚಕ್ರದ ಹತ್ತಿರ ಕಾರಾಕುಮ್ ಮರುಭೂಮಿಯ ಮರಳು ಕೂತಿರುತ್ತದೆ, ಆ ಬಟ್ಟೆ ಮೇಲೆ ಬಂತೋ, ಹೊಸ ಬಣ್ಣದ ತುಂಬ ಬೆಕ್ಕು ಪರಚಿದ ಗೀರು. ಎರಡು ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು, ಅದರಲ್ಲಿ ಅದ್ದು, ಇದರಲ್ಲಿ ಜಾಲಿಸು, ಗುಂಡಗೆ ತಿಕ್ಕಬೇಡ, ಉದ್ದಕ್ಕೆ ಎಳೆ, ಒಣ ಧೂಳನ್ನು ಸತ್ತರೂ ಒರೆಸಬೇಡ — ಇದೆಲ್ಲ ಗಾಡಿಗೆ ಬಣ್ಣ ಬಳಿದ ಉಸ್ಸಾ, ಅಂದರೆ ಮೇಸ್ತ್ರಿ, ಹಾಲ್‌ಮಿರಾತ್‌ನ ಪಾಠ, ಬೆರಳು ಮಡಿಚಿ ಮಡಿಚಿ ಹೇಳಿಕೊಟ್ಟಿದ್ದ, ಕೇಳ್ಕೊಳ್ಳಿ ಆಗಾ, ಯಜಮಾನ್ರೇ, ಮೂವತ್ತು ದಿನ ಸೋಪು ಮುಟ್ಟಿಸ್ಬೇಡಿ, ಬ್ರಶ್ಶು ಮುಟ್ಟಿಸ್ಬೇಡಿ, ಮೇಣ ಅಂತೂ ಈ ಅಂಗಳದೊಳಗೇ ತರ್ಬೇಡಿ, ಹೊಸ ಬಣ್ಣ ಅಂದ್ರೆ ಹಸುಗೂಸು, ಉಸಿರಾಡ್ಬೇಕು ಅದು, ಒಳಗಿನ ಹಸಿಯೆಲ್ಲ ಹೊರಗೆ ಬರ್ಬೇಕು, ಮೊದ್ಲೇ ಬಾಯಿ ಮುಚ್ಚಿದ್ರೆ ಒಳಗೊಳಗೇ ಕೆಡುತ್ತೆ. ಹಸುಗೂಸಿಗೆ ನಲವತ್ತು ದಿನ, ಬಣ್ಣಕ್ಕೆ ಮೂವತ್ತು, ಸತ್ತವರಿಗೆ ಮತ್ತೆ ನಲವತ್ತು, ಈ ಗಡುವುಗಳನ್ನು ಯಾರು ಹಾಕಿಟ್ಟರೋ, ಅವರ ಮನೆಯಲ್ಲಿ ಯಾರೂ ಸತ್ತಿರಲಿಲ್ಲವೇನೋ. ಇವತ್ತು ಮೂವತ್ತನೆಯ ದಿನ. ಇವತ್ತು ಸೋಪು, ಇವತ್ತು ಮೇಣ, ಇವತ್ತು ಬಿಸಿಲೇರುವ ಹೊತ್ತಿಗೆ ಹಾಲ್‌ಮಿರಾತ್ ತನ್ನ ಗರಗರ ತಿರುಗುವ ಪಾಲಿಶ್ ಯಂತ್ರ ಹೊತ್ತು ಬರುತ್ತಾನೆ, ಆ ಒಂದು ಗೇಣು ಜಾಗವನ್ನು ತೇಯ್ದು ನುಣ್ಣಗೆ ಮಾಡಿ ಹೋಗುತ್ತಾನೆ, ಹತ್ತು ನಿಮಿಷದ ಕೆಲಸ ಆಗಾ, ನಿಮ್ಮ ಚಹಾ ಆರೋದ್ರೊಳಗೆ ಅಳಿಸಿ ಎದ್ದಿರ್ತೀನಿ ಅಂದಿದ್ದಾನೆ. ಅಳಿಸಲಿ. ಬರುವ ಭಾನುವಾರಕ್ಕೆ ಮಗ ಕೆರ್ವೆನ್ ತೀರಿಕೊಂಡು ವರ್ಷ ತುಂಬುತ್ತದೆ, ವರ್ಷದ ಊಟಕ್ಕೆ ನೂರು ಜನ ಈ ಅಂಗಳಕ್ಕೆ ಬರುತ್ತಾರೆ, ನೂರು ಜನರ ಕಣ್ಣಿಗೆ ಅದು ಬೀಳಬಾರದು, ಅದರಲ್ಲೂ ಒಬ್ಬಳ ಕಣ್ಣಿಗೆ ಬೀಳಬಾರದು.

ಅದು, ಅದು ಅಂತೀಯಲ್ಲ, ಹೆಸರಿಟ್ಟು ಹೇಳೋಕೆ ಏನು ಧಾಡಿ ನಿನಗೆ, ಅಂಗೈ ಅನ್ನು, ಮಗನ ಅಂಗೈ ಅನ್ನು — ಆರು ವರ್ಷದ ಹಿಂದೆ ಗಾಡಿ ಮನೆಗೆ ಬಂದ ದಿನ, ಕಡುಕಪ್ಪು, ದ್ರಾಕ್ಷಿ ಚಪ್ಪರವೆಲ್ಲ ಅದರ ಮೈಯಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು, ಕೆರ್ವೆನ್‌ಗೆ ಆಗ ಇಪ್ಪತ್ತೊಂದು, ಕುರಿ ಕೊಯ್ದಾಗಿತ್ತು, ಹೊಸ ಗಾಡಿಯ ಹಣೆಗೆ ಒಂದು ಬೊಟ್ಟು ರಕ್ತ ಹಚ್ಚಬೇಕು, ಎಲ್ಲರ ಮನೆಯಲ್ಲೂ ಹಚ್ಚುತ್ತಾರೆ, ಬೊಟ್ಟು ಅಂದರೆ ಒಂದು ಬೆರಳು, ಈ ಮಹಾರಾಯ ಇಡೀ ಬಲಗೈ ಅದ್ದಿಕೊಂಡು ಬಂದು ಛಟ್ ಅಂತ ಬಾನೆಟ್ಟಿನ ಮೇಲೆ ಒತ್ತಿದ, ಹೆಂಗಿದೆ ಕಾಕಾ, ಎಂದು ಅಪ್ಪನ ಕಡೆ ತಿರುಗಿ ಹಲ್ಲುಕಿರಿದ, ಕಟ್ಟೆಯ ಮೇಲಿಂದ ಹೆಂಡತಿ ತಾಚ್‌ಗೋಜೆಲ್ ಕೂಗಿದಳು, ಲೋ ಕೋತಿ, ಬೊಟ್ಟಿಡೋ ಅಂದ್ರೆ ಒಲೆ ಸಾರಿಸೋ ಹಂಗೆ ಬಳಿತೀಯಲ್ಲೋ, ಅವನು ಆ ಕೆಂಪು ಕೈಯನ್ನೇ ತಾಯಿಯ ಕಡೆ ಚಾಚಿ, ಬಾ ಎಜೆ, ನಿಂಗೂ ಒಂದು ಬಳೀತೀನಿ ಎಂದು ಅಟ್ಟಿಸಿಕೊಂಡು ಹೋದ. ಊಟ, ನೆಂಟರು, ಗದ್ದಲ, ರಕ್ತ ತೊಳೆಯುವುದು ಮರೆತೇಹೋಯಿತು, ಜುಲೈ ತಿಂಗಳ ಬಿಸಿಲು, ತಗಡಿನ ಮೇಲೆ ಮೊಟ್ಟೆ ಒಡೆದರೆ ಬೇಯುವಂಥದ್ದು, ಮರುದಿನ ತೊಳೆದರೆ ರಕ್ತ ಹೋಯಿತು, ಅಂಗೈ ಉಳಿಯಿತು. ವಾರ್ನಿಷ್ ಸುಟ್ಟು, ಹೊಳೆಯುವ ಕಪ್ಪಿನ ನಡುವೆ ಮಂಕಾದ ಒಂದು ಅಂಗೈ, ಐದು ಬೆರಳು, ಕಿರುಬೆರಳು ಸೊಟ್ಟ, ಎಂಟನೇ ವಯಸ್ಸಿನಲ್ಲಿ ಕುಸ್ತಿಯಾಡುವಾಗ ಮುರಿದುಕೊಂಡದ್ದು, ಎಲುಬು ಕೂಡಿಸುವ ಮುದುಕಿ ಓರೆಯಾಗಿ ಕೂಡಿಸಿದ್ದಳು. ಬೆಳಗಿನ ಅಡ್ಡಬಿಸಿಲಲ್ಲಿ ಮಾತ್ರ ಕಾಣುತ್ತಿತ್ತು. ತೆಗೆಸೋಣ ಕಣೋ ಅಂದರೆ, ಬೇಡ ಕಾಕಾ, ಗರಾಗೆ ನಾನು ಹಾಕಿದ ಮುದ್ರೆ ಅದು, ಕದ್ದೋನು ತಾನಾಗೇ ಸಿಕ್ಕಿಬೀಳ್ತಾನೆ. ಗರಾ ಎಂದು ಹೆಸರಿಟ್ಟಿದ್ದ, ಕರಿಯ, ಅವನ ತಾತನ ಕುದುರೆಗೂ ಅದೇ ಹೆಸರು. ದಿನಾ ಬೆಳಿಗ್ಗೆ ಆ ಮುದ್ರೆಯ ಮೇಲೆ ಅಂಗೈ ಇಡುವನು, ಬೆರಳಿಗೆ ಬೆರಳು ಸರಿಯಾಗಿ, ಏನಪ್ಪಾ ಗರಾ, ಎದ್ಯಾ ಅನ್ನುವನು, ಅಂಥ ದೊಡ್ಡ ಗಂಡಸು, ವೆಲ್ಡಿಂಗ್ ಕೆಲಸದವನು, ಗಾಡಿಯ ಜೊತೆ ಮಾತಾಡುವನು.

ಬಟ್ಟೆ ಜಾಲಿಸಬೇಕು, ಈ ಬಾಗಿಲು ಆಯಿತು, ಹಿಂದಿನದು, ಡಿಕ್ಕಿ, ಕೈ ತಾನಾಗೇ ಉದ್ದುದ್ದಕ್ಕೆ ಹೋಗುತ್ತದೆ, ಬಿಳಿ ಮೈ, ಎಷ್ಟು ತೊಳೆದರೂ ಇದು ಅವನ ಗಾಡಿ ಅನ್ನಿಸುವುದಿಲ್ಲ, ಯಾರದೋ ಮನೆಯ ಮದುವೆ ಹೆಣ್ಣನ್ನು ತಂದು ಇಲ್ಲಿ ನಿಲ್ಲಿಸಿದ ಹಾಗಿದೆ — ನಗರದೊಳಗೆ ಕಪ್ಪು ಗಾಡಿ ಓಡಿಸುವಂತಿಲ್ಲ ಎಂದು ಸರ್ಕಾರದ ಹುಕುಂ ಆದಾಗ ಊರಿಗೆ ಊರೇ ಬಿಳಿ ಬಳಿಸಿಕೊಂಡಿತು, ಹಾಲ್‌ಮಿರಾತ್‌ಗೆ ಹಬ್ಬ, ಅವನ ಶೆಡ್ಡಿನ ಮುಂದೆ ಕಪ್ಪು ಗಾಡಿಗಳ ಸಾಲು, ಕ್ಷೌರಕ್ಕೆ ಕೂತ ಹುಡುಗರ ಹಾಗೆ. ಕೆರ್ವೆನ್ ಒಬ್ಬನೇ ಒಪ್ಪಲಿಲ್ಲ, ಕುದುರೆಗೆ ಯಾರಾದ್ರೂ ಸುಣ್ಣ ಹೊಡೀತಾರಾ ಕಾಕಾ, ನಗರಕ್ಕೆ ಬೇಡ್ವಾದ್ರೆ ಬೇಡ, ನಮ್ಮೂರ ದಾರಿಗೆ ಬಣ್ಣ ಕಟ್ಕೊಂಡು ಏನಾಗ್ಬೇಕು. ಕೆಲಸಕ್ಕೆ ಮಿನಿಬಸ್ಸಿನಲ್ಲಿ ಹೋಗುವನು, ಮೂವತ್ತು ಕಿಲೋಮೀಟರ್ ನಿಂತುಕೊಂಡೇ, ಶುಕ್ರವಾರ ಗರಾನನ್ನು ಹೊರಗೆ ತೆಗೆದು ಹತ್ತಿ ಹೊಲಗಳ ದಾರಿಯಲ್ಲಿ ಒಂದು ಸುತ್ತು ಹೊಡೆದು ಬಂದು ತೊಳೆದು ನಿಲ್ಲಿಸುವನು. ಅವನು ಹೋದ ಮೇಲೂ ಹತ್ತು ತಿಂಗಳು ಅದು ಹಾಗೇ ಕಪ್ಪಾಗಿ ನಿಂತಿತ್ತು, ಮೇಲೆ ಕಂಬಳಿ, ಶುಕ್ರವಾರ ತಾಚ್‌ಗೋಜೆಲ್ ಹೆಂಗಸರ ಜೊತೆ ಗೋರಿಗೆ ಹೋದಾಗ ಇವನು ಕಳ್ಳನ ಹಾಗೆ ಕಂಬಳಿ ಸರಿಸಿ ಕೂತು ಕೀಲಿ ತಿರುಗಿಸುತ್ತಿದ್ದ, ಗುರ್ರ್, ಒಂದೇ ಸಲಕ್ಕೆ, ಪ್ರತಿ ಶುಕ್ರವಾರ ಒಂದೇ ಸಲಕ್ಕೆ, ಒಂದಾದರೂ ಶುಕ್ರವಾರ ಅದು ಸ್ಟಾರ್ಟ್ ಆಗದೆ ಹೋಗಲಿ ಎಂದೇ ತಿರುಗಿಸುತ್ತಿದ್ದನೇನೋ, ಯಾಕೆಂದರೆ ಹೆಂಡತಿಗೆ ಹೇಳಿದ್ದು ಬೇರೆ, ಬ್ಯಾಟರಿ ಸತ್ತುಹೋಗಿತ್ತು ಕಣೇ ಅವತ್ತು, ಏನ್ ಮಾಡಿದ್ರೂ ಗಾಡಿ ಏಳ್ಲಿಲ್ಲ, ಅಂತ. ಆಮೇಲೆ ಅವಳೇ ಒಂದು ದಿನ ಚಹಾ ಬಗ್ಗಿಸುತ್ತಾ ಅಂದಳು, ಬಿಳಿ ಮಾಡಿಸ್ಬಿಡಿ ಅದನ್ನ, ಇನ್ನೊಂದ್ ಸಲ ಯಾರೂ ರಸ್ತೆಗೆ ಓಡೋದು ಬೇಡ. ಸುಮ್ಮನೆ ಅಂದಳಾ, ತಿಳಿದು ಅಂದಳಾ, ಅವಳ ಕಣ್ಣು ಬಟ್ಟಲಿನ ಮೇಲಿತ್ತು. ಗಾಡಿ ಒಯ್ಯಲು ಹಾಲ್‌ಮಿರಾತ್ ಬಂದ, ಕೂತ, ಕೀಲಿ ತಿರುಗಿಸಿದ, ಗುರ್ರ್, ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ದೊಡ್ಡ ಬಾಯಿ ಬಿಟ್ಟು ಕೂಗಿದ, ಎಲಾ ಇವ್ನ, ವರ್ಷಗಟ್ಲೆ ನಿಂತಿರೋ ಗಾಡಿ ಆಗಾ ಇದು, ಬ್ಯಾಟರಿ ನೋಡಿ, ಕಲ್ಲುಗುಂಡು! ತಾಚ್‌ಗೋಜೆಲ್ ತಂದೂರಿನ ಹತ್ತಿರ ರೊಟ್ಟಿ ಹಚ್ಚುತ್ತಿದ್ದಳು, ಅವಳ ಕೈ ನಿಂತಿತೋ ಇಲ್ಲವೋ, ತಿರುಗಿ ನೋಡಲು ಧೈರ್ಯ ಬರಲಿಲ್ಲ, ಹೊಸ ಬ್ಯಾಟರಿ ಹಾಕಿಸಿದ್ದಾರೆ ಅಂದುಕೊಂಡಿರುತ್ತಾಳೆ, ಹಾಗೇ ಅಂದುಕೊಂಡಿರಲಿ ಅಲ್ಲಾಹ್.

ತಪ್ಪೆಲ್ಲ ತನ್ನದೇ, ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ಅಲ್ಲಿ ಶೆಡ್ಡಿನಲ್ಲಿ ಹಾಲ್‌ಮಿರಾತ್ ಮರಳುಕಾಗದ ಹಿಡಿದು ಬಾನೆಟ್ಟಿಗೆ ಬಗ್ಗಿದಾಗ ಇವನ ಬಾಯಿಂದಲೇ ಬಂತು, ಅಲ್ಲಿ ಜೋರಾಗಿ ಉಜ್ಜಬೇಡ ಕಣೋ, ಮೆಲ್ಲಗೆ, ಗಾಯ ಕಟ್ಟುವವನಿಗೆ ಹೇಳಿದ ಹಾಗೆ. ಹಾಲ್‌ಮಿರಾತ್ ಒಂದು ಸಲ ಮುಖ ನೋಡಿದ, ಮೆಲ್ಲಗೇ ಉಜ್ಜಿದ, ಮೇಲೆ ಪ್ರೈಮರ್, ಅದರ ಮೇಲೆ ಬಿಳಿ, ಅದರ ಮೇಲೆ ಎರಡು ಸಲ ವಾರ್ನಿಷ್. ಮನೆಗೆ ಬಂದಾಗ ಹಾಲಿನ ಕೆನೆಯ ಹಾಗಿತ್ತು, ಎಲ್ಲೂ ಏನೂ ಇರಲಿಲ್ಲ, ತಾಚ್‌ಗೋಜೆಲ್ ದೃಷ್ಟಿಯಾಗದಿರಲಿ ಎಂದು ಯೂಜರ್ಲಿಕ್ ಸೊಪ್ಪು ಸುಟ್ಟು ಹೊಗೆ ಹಿಡಿದು ಮೂರು ಸುತ್ತು ಬಂದಳು, ಪಕ್ಕದ ಮನೆಯ ಓಗುಲ್‌ಗೆರೆಕ್, ಅವಳ ತಲೆಯಂತೂ ಯಾವಾಗಲೂ ಗೋಡೆಯ ಮೇಲೇ, ಅಲ್ಲಿಂದಲೇ ಹೇಳಿದಳು, ಹೊಗೆ ಸಾಲ್ದು ಅಕ್ಕಾ, ಒಂದು ಹುಂಜ ಕೊಯ್ದು ರಕ್ತ ಹಚ್ಚಿಬಿಡು, ಹಾಲ್‌ಮಿರಾತ್ ಹಾರಿಬಿದ್ದ, ಹುಂಜಕ್ಕೆ ಮುಂಚೆ ನನ್ನೇ ಕೊಯ್ದುಬಿಡಮ್ಮಾ, ಹಸಿ ಬಣ್ಣಕ್ಕೆ ರಕ್ತ ಮುಟ್ಟಿದ್ರೆ ಬಿಸಿಲಿಗೆ ಕಚ್ಕೊಂಡು ಬಿಡುತ್ತೆ, ಜನ್ಮಕ್ಕೆ ಹೋಗಲ್ಲ! ಎಂದ, ಎಲ್ಲರೂ ನಕ್ಕರು, ತಾಚ್‌ಗೋಜೆಲ್ ನಗಲಿಲ್ಲ, ಇವನೂ ನಗಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಗುಬ್ಬಿ ಹಿಕ್ಕೆ ಬಿದ್ದಿತ್ತು, ಒದ್ದೆ ಬಟ್ಟೆ ಇಟ್ಟು ನೆನೆಸಿ ಮೆಲ್ಲಗೆ ಎತ್ತಬೇಕು, ಉಜ್ಜಬಾರದು, ಹಾಗೆಂದು ಬಗ್ಗಿದವನಿಗೆ ಅಡ್ಡಬಿಸಿಲಲ್ಲಿ ಬಿಳಿಯೊಳಗೆ ಒಂದು ಕೂದಲೆಳೆಯಷ್ಟು ತೆಳು ಗೆರೆ ಕಂಡಿತು, ಸೊಟ್ಟ ಗೆರೆ, ಅವನಿಗೆ ಆಗಲೇ ಗೊತ್ತಾಯಿತು, ಬೇರೆ ಬೆರಳುಗಳಿಗಿಂತ ಮೊದಲು ಕಿರುಬೆರಳೇ ಬಂದಿತ್ತು. ಹದಿನಾರನೇ ದಿನ ಉಂಗುರದ ಬೆರಳು, ಇಪ್ಪತ್ತರ ಹೊತ್ತಿಗೆ ಹೆಬ್ಬೆರಳು, ದಿನಾ ಬೆಳಿಗ್ಗೆ ಬಂದು ನೋಡುತ್ತಿದ್ದ, ಯಾವುದು ಬಂದಿದೆ, ಯಾವುದು ಇನ್ನೂ ಬರಬೇಕು, ಒಂದು ದಿನ ಏನೂ ಹೊಸದು ಕಾಣದಾಗ ಬೇಜಾರೇ ಆಯಿತು, ಥೂ, ಎಂಥ ಮನುಷ್ಯ ನೀನು. ಹಾಲ್‌ಮಿರಾತ್ ಬಂದು ಬೆರಳ ತುದಿ ಆಡಿಸಿ ನೋಡಿದ, ಬಣ್ಣ ಒಣಗ್ತಾ ಒಣಗ್ತಾ ಕುಗ್ಗುತ್ತೆ ಆಗಾ, ಕುಗ್ಗಿದಾಗ ಕೆಳಗೇನಿದ್ಯೋ ಅದರ ಅಂಚು ಮೇಲೆ ಬರುತ್ತೆ, ಆವತ್ತೇ ನಾನು ತಗಡು ಕಾಣೋವರೆಗೂ ಉಜ್ಜಬೇಕಿತ್ತು, ನೀವು ಮೆಲ್ಲಗೆ ಅಂದ್ರಿ, ಇರ್ಲಿ ಬಿಡಿ, ಮೂವತ್ತು ದಿನ ಆಗ್ಲಿ, ಗಟ್ಟಿಯಾದ ಮೇಲೆ ಮೇಲ್ಮೇಲೆ ತೇಯ್ದು ಪಾಲಿಶ್ ಮಾಡಿದ್ರೆ ಮಾಯ, ಹೋದ ಮೇಲೆ ಹೋಯ್ತು. ಹೋದ ಮೇಲೆ ಹೋಯ್ತು ಅಂದ, ಅವನಿಗೇನು, ಬಣ್ಣದ ವಿಷಯ ಹೇಳಿದ.

ಈಗ ಒರೆಸಬೇಕು, ನೀರು ತಾನಾಗಿ ಒಣಗಲು ಬಿಟ್ಟರೆ ಸುಣ್ಣದ ಚುಕ್ಕಿ ಕೂರುತ್ತದೆ, ಒಣ ಬಟ್ಟೆ, ಟಾಪು, ಗಾಜು, ಬಾಗಿಲು, ಗೋಡೆಯ ನೆರಳು ಇನ್ನೂ ಒಂದು ಗಂಟೆ ಇರುತ್ತದೆ, ಆಚೆ ದಾರಿಯಲ್ಲಿ ಕರಬೂಜ ತುಂಬಿದ ಗಾಡಿ ಹೋಯಿತು, ವಾಸನೆ ಗೋಡೆ ಹಾರಿ ಬಂತು, ಮೂಗು ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡರೂ ಬರುತ್ತದೆ — ಹೋದ ವರ್ಷ, ಇದೇ ಕಾಲ, ಇದೇ ಬಿಸಿಲು, ತಾಚ್‌ಗೋಜೆಲ್ ತಂಗಿಯ ಊರಿಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು, ಮನೆಯಲ್ಲಿ ಅಪ್ಪ ಮಗ ಇಬ್ಬರೇ, ಬೆಳಿಗ್ಗೆ ಹನ್ನೊಂದರ ಹೊತ್ತು, ಕೆರ್ವೆನ್ ದ್ರಾಕ್ಷಿ ಬುಟ್ಟಿ ಕೆಳಗಿಟ್ಟು, ಯಾಕೋ ಎದೆ ಹಿಡ್ಕೊಳ್ತಿದೆ ಕಾಕಾ, ಎಂದ, ನಗುತ್ತಲೇ ಎಂದ, ವಾಯು ಇರ್ಬೇಕು ಕಣೋ, ಬಿಸಿ ಬಿಸಿ ಚಹಾ ಕುಡಿ, ಚಹಾ ಬಟ್ಟಲಿಗೆ ಬೀಳುವುದರೊಳಗೆ ಮುಖ ಬೂದಿಯಾಗಿತ್ತು, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಆಸ್ಪತ್ರೆ. ಆಂಬುಲೆನ್ಸು ನಗರದಿಂದ ಬಂದು ಮತ್ತೆ ನಗರಕ್ಕೆ ಹೋಗುವುದರೊಳಗೆ ನಾವೇ ತಲುಪಬಹುದು, ಇಲ್ಲಿಯವರೆಗೆ ಬುದ್ಧಿ ಸರಿಯಾಗೇ ಓಡಿತು. ಗಾಡಿ ಎದುರಿಗೇ ಇತ್ತು. ಪೆಟ್ರೋಲು ಗಂಟಲಮಟ ಇತ್ತು. ಕೀಲಿ ತನ್ನದೇ ಅಂಗಿಯ ಜೇಬಿನಲ್ಲಿತ್ತು. ಆಗ ಈ ಹಾಳು ತಲೆಗೆ ಹೊಳೆದದ್ದೇನು — ಕಪ್ಪು. ಕಪ್ಪು ಗಾಡಿ, ನಗರದ ಬಾಗಿಲ ಚೌಕಿಯಲ್ಲಿ ನಿಲ್ಲಿಸುತ್ತಾರೆ, ಇಳೀರಿ ಅನ್ನುತ್ತಾರೆ, ಕಾಗದ ತೋರಿಸಿ ಅನ್ನುತ್ತಾರೆ, ಗಾಡಿ ಕಿತ್ತುಕೊಳ್ಳುತ್ತಾರೆ, ಮಗನನ್ನು ಬಿಸಿಲಲ್ಲಿ ಕೂರಿಸಿಕೊಂಡು ಯಾರ ಕಾಲು ಹಿಡಿಯಲಿ, ಬಿಳಿ ಗಾಡಿ ಬೇಕು, ಯಾರದಾದರೂ ಸರಿ, ಬಿಳಿ. ಇರು ಮಗನೇ, ಈಗ ಬಂದೆ. ಕೆರ್ವೆನ್ ತಲೆಯಾಡಿಸಿ, ಎರಡು ಹೆಜ್ಜೆ ನಡೆದು, ಗರಾನ ಪಕ್ಕ ಹೋಗಿ ನಿಂತ, ಎಡಗೈ ಎದೆಯ ಮೇಲೆ, ಬಲಗೈ ತಾನಾಗೇ ಹೋಗಿ ಬಾನೆಟ್ಟಿನ ಮೇಲೆ, ಆ ಮುದ್ರೆಯ ಮೇಲೆ, ಬೆರಳಿಗೆ ಬೆರಳು. ಅಂಗಳದ ಬಾಗಿಲು ದಾಟುವಾಗ ಇವನು ತಿರುಗಿ ನೋಡಿದ್ದ, ಮಗ ಹಾಗೇ ನಿಂತಿದ್ದ. ಓಡಿದ, ಅರವತ್ತರ ಮುದುಕ, ಜೇಬಿನಲ್ಲಿ ಕೀಲಿ ಝಣ್ ಝಣ್ ಅನ್ನುತ್ತಿತ್ತು, ಹೆಜ್ಜೆಗೊಂದು ಸಲ, ಕೇಳಿಸಲಿಲ್ಲವಾ ನಿನಗೆ, ಕಿವುಡಾ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಬೇರೆಯವರ ಕಥೆಯಾಗಿದ್ದರೆ ನೀನೂ ನಗುತ್ತಿದ್ದೆ.

ಅವತ್ತು ಸಂತೆ, ಊರಿನ ಗಾಡಿಗಳೆಲ್ಲ ಸಂತೆಗೆ ಹೋಗಿದ್ದವು, ಹೆದ್ದಾರಿಗೆ ಓಡಿದ, ಬಿಳಿ, ಬಿಳಿ, ಬಿಳಿ, ಒಂದೊಂದೂ ಸೊಂಯ್ ಅಂತ ಹೋಗುತ್ತಿತ್ತು, ಎರಡು ಕೈ ಎತ್ತಿ ನಡುರಸ್ತೆಯಲ್ಲಿ ಕುಣಿದ, ಹುಚ್ಚನೆಂದು ಬಳಸಿಕೊಂಡು ಹೋದರು, ಇಪ್ಪತ್ತೈದು ನಿಮಿಷ, ಕೊನೆಗೊಬ್ಬ ಕರಬೂಜ ಮಾರುವವನು ನಿಲ್ಲಿಸಿದ, ಒಳ್ಳೆಯವನು, ಹಿಂದಿನ ಸೀಟಿನ ಹಣ್ಣುಗಳನ್ನೆಲ್ಲ ಒಂದು ಮಾತೂ ಕೇಳದೆ ದಾರಿಯ ಮೇಲೆ ಉರುಳಿಸಿದ, ಹತ್ತಿ ಮಾವಾ, ಹತ್ತಿ. ಅಂಗಳಕ್ಕೆ ಬಂದಾಗ ಕೆರ್ವೆನ್ ಗರಾನ ಚಕ್ರಕ್ಕೆ ಒರಗಿ ಕೂತಿದ್ದ, ಓಗುಲ್‌ಗೆರೆಕ್ ಪಕ್ಕದಲ್ಲಿ ಕೂತು ಬಟ್ಟಲಲ್ಲಿ ನೀರು ಕುಡಿಸಲು ನೋಡುತ್ತಿದ್ದಳು, ಬಾನೆಟ್ಟಿನ ಮೇಲೆ ಧೂಳಿನಲ್ಲಿ ಒದ್ದೆ ಅಂಗೈ, ಆಗಷ್ಟೇ ಎತ್ತಿದ ಹಾಗೆ, ಬೆವರು ಇನ್ನೂ ಆರಿರಲಿಲ್ಲ. ದಾರಿಯುದ್ದಕ್ಕೂ ಕರಬೂಜದ ವಾಸನೆ, ಮಡಿಲಲ್ಲಿ ಮಗನ ತಲೆ, ಮಾತಿಲ್ಲ, ಒಂದೇ ಒಂದು ಸಲ ಕಣ್ಣು ತೆರೆದು, ಗರಾನ ಯಾಕೆ, ಎಂದ, ಅಷ್ಟೇ, ಗರಾನ ಯಾಕೆ ತರ್ಲಿಲ್ಲ ಎಂದನೋ, ಯಾಕೆ ಬಿಟ್ಟು ಬಂದ್ರಿ ಎಂದನೋ, ಸುಮ್ನಿರು ಮಗನೇ, ಬಂದೇಬಿಟ್ಟಿತು. ಚೌಕಿ ಬಂತು. ಗಾಡಿ ನಿಲ್ಲಿಸಿದರು. ಚೌಕಿಯವನು, ಕೆರ್ವೆನ್‌ನದೇ ವಯಸ್ಸು, ಕಿಟಕಿಯೊಳಗೆ ಬಗ್ಗಿದ, ಕೆರ್ವೆನ್‌ನ ಮುಖ ನೋಡಿದ, ಅವನ ಮುಖವೇ ಬಿಳುಚಿಕೊಂಡಿತು, ಹೋಗಿ ಹೋಗಿ ಹೋಗಿ, ಬೇಗ, ಎಂದು ತಾನೇ ಓಡಿಹೋಗಿ ಅಡ್ಡಗಂಬ ಎತ್ತಿದ. ಗಾಡಿಯ ಕಡೆ ನೋಡಲೇ ಇಲ್ಲ. ಅದು ಬಿಳಿಯೋ ಕಪ್ಪೋ ಹಸಿರೋ, ಅವನನ್ನು ಇವತ್ತು ಕೇಳಿದರೂ ಹೇಳಲಾರ. ಗರಾ ಆಗಿದ್ದರೂ ಎತ್ತುತ್ತಿದ್ದ. ಗರಾ ಆಗಿದ್ದರೂ ಎತ್ತುತ್ತಿದ್ದ, ಈ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ವರ್ಷವಾಯಿತು, ಚಹಾ ಕುಡಿಯುವಾಗ ಅದು, ನಮಾಜಿಗೆ ಬಗ್ಗುವಾಗ ಅದು. ಡಾಕ್ಟರಮ್ಮ ಕೈಗವಸು ಬಿಚ್ಚುತ್ತಾ ಹೇಳಿದಳು, ಒಂದರ್ಧ ಗಂಟೆ ಮುಂಚೆ ತಂದಿದ್ರೆ ನೋಡಬಹುದಿತ್ತು ಅಪ್ಪಾ. ಸಂಜೆ ತಾಚ್‌ಗೋಜೆಲ್ ಬಂದು ಎರಡು ಭುಜ ಹಿಡಿದು ಅಲ್ಲಾಡಿಸಿ, ಗಾಡಿ ಇತ್ತಲ್ಲಾ, ಗಾಡಿ ಮನೇಲೇ ಇತ್ತಲ್ಲಾ ಎಂದು ಕೂಗಿದಾಗ ನಾಲಗೆ ತಾನಾಗೇ ಹೊರಳಿತು, ಬ್ಯಾಟರಿ ಸತ್ತುಹೋಗಿತ್ತು ಕಣೇ.

ಮೇಣ. ಡಬ್ಬಿಯ ಮುಚ್ಚಳ ಬಿಗಿಯಾಗಿದೆ, ತೆರೆದರೆ ಬಾದಾಮಿಯಂಥ ವಾಸನೆ, ಸ್ವಲ್ಪವೇ ತಗೋಬೇಕು, ತೆಳ್ಳಗೆ, ರೊಟ್ಟಿಗೆ ಬೆಣ್ಣೆ ಸವರಿದ ಹಾಗಲ್ಲ, ಕನ್ನಡಿಗೆ ಉಸಿರು ಬಿಟ್ಟ ಹಾಗೆ, ಮಂಜು ಕಟ್ಟಿದ ಮೇಲೆ ಬೇರೆ ಬಟ್ಟೆಯಿಂದ ಎತ್ತಬೇಕು, ಮೆತ್ತನೆಯ ಹತ್ತಿ ಬಟ್ಟೆ, ಹೊಲಿಗೆ ಗುಂಡಿ ಇರಬಾರದು. ನಿನ್ನೆ ಕೇಳಿದ್ದಕ್ಕೆ ತಾಚ್‌ಗೋಜೆಲ್ ಪೆಟ್ಟಿಗೆ ತೆಗೆದು ಒಂದು ಬಟ್ಟೆ ತಂದು ಮೊಣಕಾಲ ಮೇಲೆ ಹಾಕಿ ಹೋದಳು, ಬಿಡಿಸಿ ನೋಡಿದರೆ ಕೆರ್ವೆನ್‌ನ ಬನಿಯನ್ನು, ಒಗೆದು ಒಗೆದು ರೇಷ್ಮೆಯಾದದ್ದು, ಕಂಕುಳಲ್ಲಿ ವೆಲ್ಡಿಂಗಿನ ಕಿಡಿ ಹಾರಿ ಸುಟ್ಟ ಸಣ್ಣ ತೂತು. ಬೇರೆ ಬಟ್ಟೆ ಇರಲಿಲ್ಲವಾ ಎಂದು ಕೇಳಬಹುದಿತ್ತು, ಕೇಳಲಿಲ್ಲ, ಇದಕ್ಕಿಂತ ಮೆತ್ತಗಿನದು ಯಾವ್ದಿದೆ ಎಂದು ಅವಳು ಹೇಳಿಬಿಟ್ಟಿದ್ದರೆ. ಈ ಒಂದು ವರ್ಷದಿಂದ ಅವಳು ಮಾತಾಡುವುದೆಲ್ಲ ಹೀಗೇ, ಬಟ್ಟೆ ಬಟ್ಟಲು ಉಪ್ಪು ಸಕ್ಕರೆ, ಗಂಡನ ಹೆಸರನ್ನಂತೂ ಮೂವತ್ತು ವರ್ಷದಲ್ಲಿ ಒಂದು ಸಲವೂ ಬಾಯಲ್ಲಿ ತಂದವಳಲ್ಲ, ಕೆರ್ವೆನ್‌ನ ಕಾಕಾ, ಮಗನ ಅಪ್ಪ, ಎಂದೇ ಕರೆಯುತ್ತಿದ್ದಳು, ಮಣ್ಣು ಮಾಡಿ ಬಂದ ದಿನದಿಂದ ಅದೂ ಇಲ್ಲ, ಇಲ್ನೋಡಿ, ಕೇಳಿಸ್ತಾ, ಅಷ್ಟೇ. ಟಾಪಿಗೆ ಹಚ್ಚಿಯಾಯಿತು, ಬಾಗಿಲುಗಳಿಗಾಯಿತು, ಬಾನೆಟ್ಟಿನ ಬಲಗಡೆ ಆಯಿತು, ಎಡಗಡೆ ಉಳಿದಿದೆ, ಅದಕ್ಕೆ ಹಚ್ಚುವುದಿಲ್ಲ, ಹಾಲ್‌ಮಿರಾತ್ ಬಂದು ತೇಯ್ದ ಮೇಲೆಯೇ ಅಲ್ಲಿಗೆ ಮೇಣ, ನೋಡಬೇಡ ಅಂದರೂ ಕಣ್ಣು ಹೋಗುತ್ತದೆ, ಬಿಸಿಲು ಈಗ ಗೋಡೆಯ ತಲೆ ದಾಟಿ ಅಡ್ಡಲಾಗಿ ಬಾನೆಟ್ಟಿನ ಮೇಲೆ ಇಳಿದಿದೆ, ಐದೂ ಬೆರಳು ಬಂದಿವೆ, ಅಂಗೈಯ ಗೆರೆ ಕೂಡ ಇದೆಯೇನೋ, ಬಿಳಿಯೊಳಗಿನ ಬಿಳಿ, ಒಳಗಿನಿಂದ ಯಾರೋ ಒತ್ತಿ ಹಿಡಿದಿರುವಂತೆ, ಗಾಡಿಯ ಒಳಗಡೆಯಿಂದ. ಬೀದಿಯ ತುದಿಯಲ್ಲಿ ಹಾರ್ನು. ಹಾಲ್‌ಮಿರಾತ್‌ನದೇ, ಎರಡು ಸಲ ಚುಟುಕಾಗಿ, ಒಂದು ಸಲ ಉದ್ದ, ಹತ್ತು ನಿಮಿಷದ ಕೆಲಸ ಆಗಾ. ಬರಲಿ, ಬಂದು ತೇಯಲಿ, ಹೋದ ಮೇಲೆ ಹೋಯ್ತು, ಆಮೇಲೆ ಭಾನುವಾರದ ಊಟ, ಆಮೇಲೆ ಬಿಳಿ ಗಾಡಿಯಲ್ಲಿ ತಾಚ್‌ಗೋಜೆಲ್‌ಳನ್ನು ನಗರದ ಸಂತೆಗೆ ಕರೆದುಕೊಂಡು ಹೋಗಬಹುದು, ಆಮೇಲೆ ಬ್ಯಾಟರಿ ಸತ್ತುಹೋಗಿತ್ತು ಎಂಬುದು ನಿಜವೇ ಆಗಿಬಿಡುತ್ತದೆ, ನಂಬಿದವರು ಇರುವ ತನಕ ಸುಳ್ಳೂ ನಿಜವೇ.

ಕೆರ್ವೆನ್‌ನ ಕಾಕಾ. ಯಾರು ಕರೆದದ್ದು — ಬೆನ್ನ ಹಿಂದೆ ತಾಚ್‌ಗೋಜೆಲ್ ಚಹಾದ ಕೆಟಲು ಹಿಡಿದು ನಿಂತಿದ್ದಾಳೆ, ಎಷ್ಟು ಹೊತ್ತಾಯಿತೋ, ತಲೆಯ ವಸ್ತ್ರ ಗಾಳಿಗೆ ಸರಿದಿದೆ, ಸರಿಮಾಡಿಕೊಳ್ಳುತ್ತಿಲ್ಲ, ಕೆಟಲನ್ನು ನೆಲದ ಮೇಲಿಟ್ಟಳು, ಬಂದಳು, ಇವನನ್ನು ದಾಟಿಕೊಂಡು ನೇರ ಬಾನೆಟ್ಟಿನ ಎಡಗಡೆಗೇ ಬಂದಳು, ಹುಡುಕಲಿಲ್ಲ, ತಡಕಲಿಲ್ಲ, ದಿನಾ ಬರುವವಳ ಹಾಗೆ ತನ್ನ ಅಂಗೈಯನ್ನು ಅದರ ಮೇಲೆ ಇಟ್ಟಳು, ಅವಳ ಕೈ ಸಣ್ಣದು, ಸುತ್ತಲೂ ಮಗನ ಬೆರಳುಗಳು ಹೊರಗೆ ಉಳಿದವು. ಬಟ್ಟೆ ಕೈಯಲ್ಲೇ ಇದೆ, ಏನಾದರೂ ಹೇಳಬೇಕು, ಬಣ್ಣ ಕುಗ್ಗಿದೆ ಕಣೇ, ಹಾಲ್‌ಮಿರಾತ್ ಬರ್ತಿದ್ದಾನೆ, ಸರಿ ಮಾಡ್ತಾನೆ, ಅಂತಾದರೂ. ಬ್ಯಾಟರಿ ಚೆನ್ನಾಗೇ ಇತ್ತು, ಎಂದಳು. ಕೇಳಲಿಲ್ಲ, ಹೇಳಿದಳು. ನಂಗೆ ಮೂರನೇ ದಿನದ ಊಟದಲ್ಲೇ ಗೊತ್ತಾಯ್ತು, ಓಗುಲ್‌ಗೆರೆಕ್ ಹೇಳಿದ್ಲು, ಗೋಡೆ ಮೇಲಿಂದ ಕೇಳಿದ್ಲಂತೆ, ಯಾಕಪ್ಪಾ ಹಿಂಗೆ ಬೆವರ್ತಾ ನಿಂತಿದೀಯಾ, ಒಳಗಾದ್ರೂ ಹೋಗಿ ಮಲಕ್ಕೋ ಅಂತ. ಇಲ್ಲ ಅಕ್ಕಾ, ಕಾಕಾ ಕೀಲಿ ತರೋಕೆ ಹೋಗಿದಾರೆ, ಈಗ ಬಂದುಬಿಡ್ತಾರೆ ಅಂದನಂತೆ, ಅಲ್ಲಿಗೆ ನೀವು ಕೀಲಿ ಹಾಕಿ ನೋಡೇ ಇಲ್ಲ ಅಂತಾಯ್ತಲ್ಲ. ಅವಳ ದನಿ ಒಡೆಯಲಿಲ್ಲ, ಬೈಗುಳವೂ ಅದರಲ್ಲಿ ಇರಲಿಲ್ಲ, ಬೈದಿದ್ದರೆ ಕಾಲು ಹಿಡಿಯಬಹುದಿತ್ತು, ಅವಳು ಅಂಗೈ ಎತ್ತಿ ಬನಿಯನ್ನು ಹಿಡಿದ ಇವನ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತಂದು ಅಲ್ಲಿಟ್ಟಳು, ಉಸ್ಸಾಗೆ ಚಹಾ ಕೊಟ್ಟು ವಾಪಸ್ ಕಳಿಸ್ತೀನಿ, ನೀವು ಮೇಣ ಹಚ್ಚಿ, ಇದರ ಮೇಲೂ ಹಚ್ಚಿ, ಬಿಸಿಲು ತಿನ್ನದ ಹಾಗೆ, ಧೂಳು ತಿನ್ನದ ಹಾಗೆ, ತಿಂಗಳು ತಿಂಗಳು ಹಚ್ಚಿ, ನೀವು ಬದುಕಿರೋ ತನಕ ಹಚ್ಚಿ. ಹೋದಳು, ಅಂಗಳದ ಬಾಗಿಲು ತೆರೆಯುವ ಸದ್ದು, ಹಾಲ್‌ಮಿರಾತ್‌ನ ದೊಡ್ಡ ಗಂಟಲು, ಅವಳ ಸಣ್ಣ ಗಂಟಲು, ಯಾವುದೂ ಕಿವಿಗೆ ಸರಿಯಾಗಿ ಬರುತ್ತಿಲ್ಲ, ಕೈ ಮೇಣ ಹಚ್ಚುತ್ತಿದೆ, ತೆಳ್ಳಗೆ, ಉದ್ದಕ್ಕೆ, ಬೆರಳಿನ ಅಂಚಿನಲ್ಲಿ ಮೆಲ್ಲಗೆ, ಕೀಲಿ ತರೋಕೆ ಹೋಗಿದಾರೆ, ಕೀಲಿ ಜೇಬಿನಲ್ಲೇ ಇದೆ ಮಗನೇ, ಇವತ್ತೂ ಇದೆ, ಬಗ್ಗಿದಾಗಲೆಲ್ಲ ಝಣ್ ಅನ್ನುತ್ತದೆ, ಬಾಗಿಲು ದಾಟುವಾಗ ತಿರುಗಿ ನೋಡಿದ್ದೆ, ನೀನು ಹಾಗೇ ನಿಂತಿದ್ದೆ, ಎಡಗೈ ಎದೆಯ ಮೇಲೆ, ಬಲಗೈ ಬಾನೆಟ್ಟಿನ ಮೇಲೆ, ಈಗ ಬಂದುಬಿಡ್ತಾರೆ ಅಂತ, ಬೆರಳಿಗೆ ಬೆರಳು, ಕಿರುಬೆರಳು ಸೊಟ್ಟ, ಬಾನೆಟ್ಟಿನ ಮೇಲೆ ಅಂಗೈ —